ಹೆಗಲ ಹಿಂದೆ ನೋಡುತ್ತಿದ್ದ ಗುರುಸಿದ್ದಣ್ಣ

ಗುರುಸಿದ್ದಣ್ಣ ಯಾರನ್ನು ಕಂಡರೂ ಮೊದಲು ನೋಡುತ್ತಿದ್ದದ್ದು ಮುಖವನ್ನಲ್ಲ, ಹೆಗಲ ಹಿಂದೆ. ಎದುರಿಗೆ ಬಂದವರು ನಮಸ್ಕಾರ ಎನ್ನುವಷ್ಟರಲ್ಲಿ ಗುರುಸಿದ್ದಣ್ಣನ ಕಣ್ಣು ಎಡ ಹೆಗಲಿನಾಚೆ ಒಂದು ಸಲ, ಬಲ ಹೆಗಲಿನಾಚೆ ಒಂದು ಸಲ ಹೋಗಿ ಬರುತ್ತಿತ್ತು. ಹೊಸಬರಾದರೆ ಹಿಂದೆ ಯಾರೋ ಬಂದು ನಿಂತಿರಬೇಕೆಂದು ತಿರುಗಿ ನೋಡುತ್ತಿದ್ದರು. ಅಲ್ಲಿ ಯಾರೂ ಇರುತ್ತಿರಲಿಲ್ಲ. ಒಂದು ಲೈಟು ಕಂಬವೋ, ಒಣಗಲು ಹಾಕಿದ ಸೀರೆಯೋ ಇರುತ್ತಿತ್ತು. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನಲು ಕುಳಿತರೂ ಅವರಿಗೆ ಇದೇ ಚಿಂತೆ. "ಲೇ ರುದ್ರ, ಒಸಿ ಈ ಕಡೆ ಸರ್ಕೊಳ್ಲಾ. ನಿನ್ ತಲೆ ಮ್ಯಾಲೆ ಗ್ಯಾಸ್ ಸಿಲಿಂಡರ್ ಕುಂತೈತೆ" ಎನ್ನುತ್ತಿದ್ದರು. ಕೈಯಲ್ಲಿ ಕ್ಯಾಮೆರಾ ಇಲ್ಲದಿದ್ದರೂ ನಾನು ಸರಿಯುವವರೆಗೆ ಅವರು ಇಡ್ಲಿ ಮುಟ್ಟುತ್ತಿರಲಿಲ್ಲ.

ಅವರು ಚನ್ನಪಟ್ಟಣದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದವರು. ನಾನು ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳನ್ನು ಪರೀಕ್ಷಿಸುವ ಕೆಲಸದಲ್ಲಿರುವವನು. ಕಂಡದ್ದನ್ನು ಕಂಡಷ್ಟೇ ಹೇಳಬೇಕು, ಊಹೆ ಸೇರಿಸಬಾರದು ಎನ್ನುವುದು ನಮ್ಮ ವಿಭಾಗದ ಮೊದಲ ಪಾಠ. ಗುರುಸಿದ್ದಣ್ಣ ತೀರಿಕೊಂಡದ್ದು ನನ್ನ ಜೊತೆಯಲ್ಲಿದ್ದಾಗ. ಆದ್ದರಿಂದ ಅವಸರ ಮಾಡದೆ, ಒಂದಾದ ಮೇಲೊಂದು ಬರೆಯುತ್ತೇನೆ.

ನಮ್ಮ ಪರಿಚಯ ಆದದ್ದು ನನ್ನ ಅಪ್ಪ ತೀರಿಕೊಂಡಾಗ. ಅಪ್ಪನದು ಅಂತ ಮನೆಯಲ್ಲಿ ಒಂದು ಫೋಟೋ ಇರಲಿಲ್ಲ. ಇದ್ದದ್ದು ಒಂದು ಮದುವೆಯ ಗುಂಪು ಫೋಟೋ. ಅದರಲ್ಲಿ ಅಪ್ಪ ನಗುತ್ತಾ ನಿಂತಿದ್ದರು, ಪಕ್ಕದಲ್ಲಿ ನನ್ನ ಸೋದರಮಾವ ಅವರ ಹೆಗಲ ಮೇಲೆ ಕೈ ಹಾಕಿ ಏನೋ ಹೇಳುತ್ತಿದ್ದ. ಆಗಿನ್ನೂ ಕಂಪ್ಯೂಟರ್ ಇಲ್ಲದ ಕಾಲ. ಸ್ಟುಡಿಯೋದವರು ಅಂಥ ಫೋಟೋದಿಂದ ಬೇಕಾದವರನ್ನು ಕತ್ತರಿಯಲ್ಲಿ ಬಿಡಿಸಿ, ನೀಲಿ ರಟ್ಟಿನ ಮೇಲೆ ಅಂಟಿಸಿ, ಕುಂಚದಲ್ಲಿ ಅಂಚು ತಿದ್ದಿ, ಮತ್ತೆ ಫೋಟೋ ತೆಗೆದು ದೊಡ್ಡದು ಮಾಡಿ ಕೊಡುತ್ತಿದ್ದರು. ಗುರುಸಿದ್ದಣ್ಣನೂ ಹಾಗೆಯೇ ಮಾಡಿದರು. ಕೈಯನ್ನು ಪೂರ್ತಿ ಕತ್ತರಿಸಿದರೆ ಹೆಗಲೇ ಹೋಗುತ್ತಿತ್ತು. ಹಾಗಾಗಿ ಮಾವನ ಬೆರಳುಗಳು ಅಪ್ಪನ ಹೆಗಲ ಮೇಲೆ ಉಳಿದುಕೊಂಡವು.

ಕಟ್ಟು ಹಾಕಿಸಿದ ಪಟವನ್ನು ಅವರೇ ನಮ್ಮ ಮನೆಗೆ ತಂದರು. ದೊಡ್ಡಮಳೂರಿನ ಹತ್ತಿರದ ಹಳ್ಳಿ ನಮ್ಮದು. ಅವ್ವ ಪಟವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು.

"ಬೆರಳು ಅವೆ. ಬೆರಳಿನ ಮನ್ಸ ಎಲ್ಲಿ?" ಎಂದಳು.

"ಪಕ್ಕದೋರನ್ನ ತಗ್ದು ಹಿಂದೆ ನೀಲಿ ಹಾಕಿವ್ನಿ ಕಣವ್ವ. ಎಲ್ಲಾ ಕಡೆ ಹಂಗೇ ಮಾಡೋದು" ಎಂದರು ಗುರುಸಿದ್ದಣ್ಣ.

"ಪಕ್ಕದೋನು ನನ್ ತಮ್ಮ. ಅವನು ಏನೋ ಅಂದ, ಇವರು ನಕ್ರು. ನೀನು ನಗು ಬುಟ್ಟು ನಗಿಸಿದೋನ್ನ ಕಿತ್ತಾಕ್ಬುಟ್ಟೆ. ಈಗ ಇವರು ಯಾಕೆ ನಗ್ತಾವ್ರೆ ಅಂತ ಯಾರಿಗೆ ಗೊತ್ತಾಯ್ತದೆ?"

ಗುರುಸಿದ್ದಣ್ಣ ಕಾಫಿ ಕುಡಿಯದೆ ಎದ್ದು ಹೋದರು. ಆಮೇಲೆ ಅವರ ಹೆಂಡತಿ ನಾಗರತ್ನಕ್ಕ ನನಗೆ ಹೇಳಿದ್ದು: ಅವತ್ತು ಸಂಜೆಯೇ ಸ್ಟುಡಿಯೋದ ಕತ್ತರಿ ಮನೆಗೆ ಬಂತು. "ಹಾಲಿನ ಪ್ಯಾಕೆಟ್ ಕತ್ರಿಸೋಕೆ ಇಟ್ಕೊ, ನಂಗೆ ಬ್ಯಾಡ" ಎಂದರಂತೆ. ಸತ್ತವರನ್ನು ಗುಂಪಿನಿಂದ ಬಿಡಿಸಿ ಕೊಡುವ ಕೆಲಸವನ್ನು ಅವರು ಮತ್ತೆ ಮುಟ್ಟಲಿಲ್ಲ. ಕೇಳಿಕೊಂಡು ಬಂದವರನ್ನು ಬೇರೆ ಸ್ಟುಡಿಯೋಗೆ ಕಳಿಸಿದರು. ಬದುಕಿರುವಾಗಲೇ ಎಲ್ಲ ಹಿರಿಯರ ಫೋಟೋ ತೆಗೆಯುತ್ತೇನೆ ಎಂದು ನಿರ್ಧಾರ ಮಾಡಿ, ಮದುವೆ ಇಲ್ಲದ ಭಾನುವಾರಗಳಲ್ಲಿ ಹಳ್ಳಿಗಳಿಗೆ ಹೊರಟರು. ನನ್ನ ಬೈಕಿನ ಹಿಂದೆ ಕುಳಿತು. ನನಗೂ ಅದು ಬೇಕಾಗಿತ್ತು. ಗೋಡೆಯ ಮೇಲೆ ಆ ಬೆರಳುಗಳನ್ನು ದಿನವೂ ನೋಡುತ್ತಿದ್ದವನು ನಾನು. ಅವ್ವನಿಗೂ ಅಂಥ ಪಟವೇ ಗತಿಯಾಗಬಾರದು ಎನ್ನುವುದು ನನ್ನ ಮನಸ್ಸಿನಲ್ಲಿತ್ತು.

ಆದರೆ ಹಿರಿಯರು ಕೂರಬೇಕಲ್ಲ. ನಮ್ಮ ಕಡೆ ಗೋಡೆಯ ಮೇಲೆ ಒಬ್ಬರದೇ ಮುಖದ ಪಟ ತೂಗಿದೆ ಎಂದರೆ ಅವರು ತೀರಿಕೊಂಡಿದ್ದಾರೆ ಎಂದೇ ಅರ್ಥ. ಅದಕ್ಕೆ ಒಂಟಿ ಪಟ ಎನ್ನುತ್ತಾರೆ. ಬದುಕಿರುವಾಗ ಒಂಟಿ ಪಟ ತೆಗೆಸಿಕೊಳ್ಳುವುದು ಸಾವನ್ನು ಕೂಗಿ ಕರೆದ ಹಾಗೆ. ಕನಕಪುರದ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜ ಕ್ಯಾಮೆರಾ ಕಂಡದ್ದೇ ಊರುಗೋಲು ಎತ್ತಿದ. "ಏನ್ಲಾ, ಪಟ ತಗ್ದು ಇಟ್ಕಂಡು ಯಾವಾಗ ಹಾರ ಹಾಕಾನ ಅಂತ ಕಾಯ್ತಿದ್ದೀಯಾ?" ಎಂದು ಕೇಳಿದ. ಗುಂಪಿನಲ್ಲಾದರೆ ನಿಲ್ಲುತ್ತೇನೆ, ಒಬ್ಬನೇ ಕೂರುವುದಿಲ್ಲ ಎಂದ. ಗುಂಪಿನಲ್ಲಿ ನಿಲ್ಲಿಸಿದರೆ ಮತ್ತೆ ಅದೇ ಮದುವೆ ಫೋಟೋ, ಮತ್ತೆ ಅದೇ ಕತ್ತರಿ.

ಅದಕ್ಕೆ ಉತ್ತರವಾಗಿ ಬಂದದ್ದು ಎಂಬತ್ತೈದು. ಅದು ಅವರ ಲೆನ್ಸು. ಎಂಬತ್ತೈದು ಮಿಲಿಮೀಟರಿನದು, ಜೂಮ್ ಇಲ್ಲದ್ದು, ಬೆಳಕು ಒಳಗೆ ಹೋಗುವ ಬಾಯಿ ಅಗಲವಾಗಿ ತೆರೆಯುವಂಥದ್ದು. ಮೈಸೂರಿನ ಹಳೇ ಸಾಮಾನಿನ ಅಂಗಡಿಯಿಂದ ತಂದಿದ್ದರು. ಕಪ್ಪು ಬಣ್ಣ ಸವೆದು ಒಳಗಿನ ಹಿತ್ತಾಳೆ ಕಾಣುತ್ತಿತ್ತು. ಫೋಕಸ್ಸನ್ನು ಕೈಯಲ್ಲೇ ತಿರುಗಿಸಬೇಕು. ಅದರ ಬಾಯನ್ನು ಪೂರ್ತಿ ತೆರೆದರೆ ಎದುರಿಗೆ ಕುಳಿತವರ ಕಣ್ಣು ಮಾತ್ರ ರೆಪ್ಪೆಯ ಕೂದಲು ಸಮೇತ ಸ್ಪಷ್ಟವಾಗುತ್ತದೆ, ಕಿವಿಗೆ ಬರುವಷ್ಟರಲ್ಲೇ ಮೆತ್ತಗಾಗುತ್ತದೆ, ಹಿಂದಿರುವುದೆಲ್ಲ ಕರಗುತ್ತದೆ. ಗುರುಸಿದ್ದಣ್ಣ ಅಜ್ಜನ ಮನೆಗೆ ಮತ್ತೆ ಹೋದರು. ಮನೆಮಂದಿಯನ್ನೆಲ್ಲ ಜಗಲಿಯ ಮೇಲೆ ಕೂರಿಸಿದರು. ಅಜ್ಜನನ್ನು ಕುರ್ಚಿ ಹಾಕಿ ಮೂರು ಹೆಜ್ಜೆ ಮುಂದೆ ಕೂರಿಸಿದರು. ಏನು ಮಾಡುತ್ತೇನೆ ಎನ್ನುವುದನ್ನು ಮುಚ್ಚಿಡಲಿಲ್ಲ. "ಎಲ್ಲಾ ಇರ್ತಾರೆ ಕಣಜ್ಜ. ನೀನು ಎದ್ದು ಕಾಣ್ತೀಯ, ಅವರು ನಿನ್ ಹಿಂದೆ ಮೆತ್ತಗೆ ಕಾಣ್ತಾರೆ" ಎಂದರು.

ಪ್ರಿಂಟು ತಂದುಕೊಟ್ಟಾಗ ಅಜ್ಜ ಕಣ್ಣು ಕಿರಿದು ಮಾಡಿ, "ನನ್ ಮಕ್ಳನ್ನೆಲ್ಲ ಹೊಗೆಯಾಗೆ ಹಾಕ್ಬುಟ್ಟಿದ್ದೀಯಲ್ಲ" ಎಂದು ಗೊಣಗಿದ.

"ಹೊಗೆಯಾಗೆ ಯಾರ್ಯಾರು ಅವ್ರೆ ಹೇಳು ನೋಡಾನ."

ಅಜ್ಜ ಬೆರಳಿಟ್ಟು ಒಬ್ಬೊಬ್ಬರನ್ನೇ ಹೇಳಿದ. ದೊಡ್ಡ ಮಗ, ಸೊಸೆ, ಕಂಬಕ್ಕೆ ಒರಗಿದ ಮೊಮ್ಮಗಳು. ಯಾರೂ ತಪ್ಪಲಿಲ್ಲ. ಗುರುಸಿದ್ದಣ್ಣನ ಪರೀಕ್ಷೆ ಅದು. ಮುಂದೆ ಕುಳಿತವರು ಹಿಂದಿನವರನ್ನೆಲ್ಲ ಗುರುತಿಸಬೇಕು. ಒಬ್ಬರು ಗುರುತು ಸಿಗದಿದ್ದರೂ ಆ ಫೋಟೋ ಲೆಕ್ಕಕ್ಕಿಲ್ಲ, ಮುಂದಿನ ಭಾನುವಾರ ಮತ್ತೆ ಹೋಗಬೇಕು. "ಕರಗಬೇಕು ಕಣ್ಲಾ, ಕಾಣೆಯಾಗಬಾರದು" ಎನ್ನುತ್ತಿದ್ದರು. ಎಲ್ಲರೂ ಸ್ಪಷ್ಟವಾಗಿದ್ದರೆ ಏನು ತಪ್ಪು ಎಂದು ಒಮ್ಮೆ ಕೇಳಿದೆ. "ಎಲ್ಲಾ ಶಾರ್ಪ್ ಇದ್ರೆ ನಾಳೆ ಇನ್ನೊಬ್ಬ ಕತ್ರಿ ಹಿಡ್ಕಂಡು ಬತ್ತಾನೆ. ಹಿಂಗೆ ಕರಗಿಸ್ಬುಟ್ರೆ ಅಂಚೇ ಇರಕಿಲ್ಲ. ಎಲ್ಲಿ ಅಂತ ಕತ್ರಿ ಇಕ್ಕಾನು?" ಎಂದರು.

ಈಗ ಮದುವೆ ಫೋಟೋಗಳಲ್ಲಿ ಹಿಂದಿನದನ್ನು ಮಸುಕು ಮಾಡುವುದು ಎಲ್ಲರಿಗೂ ಬರುತ್ತದೆ, ಫೋನುಗಳೇ ಮಾಡಿಕೊಡುತ್ತವೆ. ಗುರುಸಿದ್ದಣ್ಣನಿಗೆ ಮಸುಕು ಎಷ್ಟು ಎನ್ನುವುದು ಮುಖ್ಯವಾಗಿರಲಿಲ್ಲ, ಎಂಥದ್ದು ಎನ್ನುವುದು ಮುಖ್ಯ. ಅದಕ್ಕೆ ಅವರದೇ ಅಳತೆಗಳಿದ್ದವು. ಯಾವ ಲೆನ್ಸು ಕೈಗೆ ಸಿಕ್ಕಿದರೂ ನಮ್ಮ ಮನೆಯ ಮುಂದಿನ ಹೊಂಗೆ ಮರದ ಕೆಳಗೆ ತಂದು ನನ್ನನ್ನು ನಿಲ್ಲಿಸುತ್ತಿದ್ದರು. ಎಲೆಗಳ ನಡುವೆ ತೂರಿ ಬರುವ ಬೆಳಕಿನ ಚುಕ್ಕೆಗಳು ಫೋಟೋದಲ್ಲಿ ದುಂಡು ದುಂಡಾಗಿ ಹರಡುತ್ತವೆ. ಆ ದುಂಡಿನ ಅಂಚು ಮಾತ್ರ ಹೊಳೆದರೆ ಅದು ಬಳೆ. ನಡುವೆ ಬೆಳಕು ಇದ್ದು ಅಂಚು ಎಲ್ಲಿ ಮುಗಿಯಿತೋ ತಿಳಿಯದಿದ್ದರೆ ಅದು ಗಂಧದ ಬೊಟ್ಟು. ಬಾಯನ್ನು ಒಸಿ ಮುಚ್ಚಿದರೆ ಅದೇ ಚುಕ್ಕೆ ನಮ್ಮ ಕಾರ್ಖಾನೆಯ ನಟ್ಟಿನ ಹಾಗೆ ಆರು ಮೂಲೆಯಾಗುತ್ತದೆ. "ಬಳೆ ಬಿಡೋ ಲೆನ್ಸು ಜನರನ್ನ ಹಿಂದೆ ನಿಲ್ಲಿಸೋಕೆ ಲಾಯಕ್ಕಿಲ್ಲ" ಎನ್ನುವುದು ಅವರ ತೀರ್ಪು. ಒಳ್ಳೆಯ ಮಸುಕನ್ನು ಮುದ್ದೆಗೆ ಹೋಲಿಸುತ್ತಿದ್ದರು. ಗಂಟಿರಬಾರದು, ನುಂಗುವಾಗ ಎಲ್ಲಿಯೂ ತಡೆಯಬಾರದು.

ಈ ಮಾತು ಬರೀ ಹಟವಲ್ಲ ಎಂದು ನನಗೆ ಗೊತ್ತಾದದ್ದು ಮಾಗಡಿಯ ಕಡೆ ಹೋದಾಗ. ರಾಮನಗರದ ಒಬ್ಬ ಮದುವೆ ಫೋಟೋಗ್ರಾಫರ್ ಇನ್ನೂ ಅಗಲ ಬಾಯಿಯ ಹೊಸ ಲೆನ್ಸು ಕೊಂಡಿದ್ದ. ಉಪಯೋಗಿಸಿ ನೋಡಿ ಎಂದು ಒತ್ತಾಯ ಮಾಡಿ ಕೊಟ್ಟ. ಹೊಂಗೆ ಮರದ ಕೆಳಗೆ ನೋಡಲು ಸಮಯವಾಗಲಿಲ್ಲ, ನೇರ ಹೊರಟೆವು. ಸಾವನದುರ್ಗದ ಬಂಡೆ ಕಾಣುವ ಒಂದು ಹಿತ್ತಿಲಲ್ಲಿ ಒಬ್ಬ ಅಜ್ಜಿಯನ್ನೂ ಹಿಂದೆ ಅವಳ ಮಗನನ್ನೂ ಕೂರಿಸಿ ಫೋಟೋ ತೆಗೆದರು. ಮುಂದಿನ ವಾರ ಪ್ರಿಂಟು ಕೊಟ್ಟೆವು. ಅಜ್ಜಿಯ ಮುಖ ಎಷ್ಟು ಸ್ಪಷ್ಟವಾಗಿತ್ತೆಂದರೆ ಮೂಗುತಿಯ ಕಲ್ಲಿನಲ್ಲಿ ಆಕಾಶ ಕಾಣುತ್ತಿತ್ತು. ಅವಳು ಅದನ್ನು ನೋಡಲೇ ಇಲ್ಲ. ಹಿಂದಿನ ಮಗನ ಮೇಲೆ ಬೆರಳಿಟ್ಟಳು. ಅವನ ತೋಳು, ಕತ್ತು, ಕಿವಿ ಎಲ್ಲದಕ್ಕೂ ಎರಡೆರಡು ಗೆರೆ ಬಂದಿತ್ತು. ಅದು ಬಳೆ ಬಿಡುವ ಲೆನ್ಸಾಗಿತ್ತು.

"ಯಾಕಪ್ಪ ನನ್ ಮಗ ಎರಡಾಗವ್ನೆ? ಒಬ್ಬ ನಿಂತವ್ನೆ, ಒಬ್ಬ ಹೋಯ್ತಾ ಅವ್ನೆ" ಎಂದಳು.

ಗುರುಸಿದ್ದಣ್ಣ ಆ ಪ್ರಿಂಟನ್ನು ಅವಳ ಕೈಯಿಂದ ತೆಗೆದುಕೊಂಡು ಚೀಲಕ್ಕೆ ಹಾಕಿದರು. ಎಂಬತ್ತೈದನ್ನು ಕ್ಯಾಮೆರಾಗೆ ಸಿಕ್ಕಿಸಿ ಅಲ್ಲೇ ಮತ್ತೆ ಫೋಟೋ ತೆಗೆದರು. ವಾಪಸ್ಸು ಬರುವಾಗ ರಾಮನಗರದಲ್ಲಿ ಇಳಿದು ಲೆನ್ಸು ಹಿಂತಿರುಗಿಸಿದರು. "ಮುಖ ಅಷ್ಟು ಶಾರ್ಪ್ ಬಂದೈತಲ್ಲಣ್ಣ, ಇನ್ನೇನು ಬೇಕು?" ಎಂದು ಅವನು ಕೇಳಿದ. "ನಿನ್ ಲೆನ್ಸು ಒಳ್ಳೇದೇ ಕಣಪ್ಪ. ಆದ್ರೆ ಆವಮ್ಮ ನೋಡಿದ್ದು ಮುಖ ಅಲ್ಲ, ಮಗನ್ನ" ಎಂದರು ಗುರುಸಿದ್ದಣ್ಣ.

ಇಷ್ಟೆಲ್ಲ ಹಳ್ಳಿ ಸುತ್ತಿದರೂ ನಮ್ಮ ಅವ್ವ ಮಾತ್ರ ಕೂರಲಿಲ್ಲ. ವರ್ಷಗಟ್ಟಲೆ ಕೇಳಿದೆ. ಹಿಂದೆ ನಾನು, ನನ್ನ ಹೆಂಡತಿ, ಮಕ್ಕಳು ಎಲ್ಲ ನಿಲ್ಲುತ್ತೇವೆ ಎಂದೆ. "ಜನ ಸಾಲ್ದು" ಎಂದಳು. ಯಾರು ಸಾಲದು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಆಮೇಲೆ ಅವಳಿಗೆ ಎದೆಯ ಆಪರೇಷನ್ ಆಗಬೇಕು ಎಂದು ಡಾಕ್ಟರು ಹೇಳಿದರು. ವಯಸ್ಸಾಗಿದೆ, ಮನಸ್ಸು ಗಟ್ಟಿ ಮಾಡಿಕೊಂಡಿರಿ ಎಂದೂ ಹೇಳಿದರು. ಆಸ್ಪತ್ರೆಗೆ ಸೇರಿಸುವುದಕ್ಕೆ ಮುಂಚಿನ ಭಾನುವಾರ ಗುರುಸಿದ್ದಣ್ಣ ನಾನು ಕರೆಯದೆಯೇ ಬಂದರು. ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿದರು.

"ಬಾ ಅವ್ವ, ಕೂತ್ಕೊ."

"ಈಗ ಕೂರಿಸ್ಬುಟ್ರೆ ಆಸ್ಪತ್ರೆಯಿಂದ ನೇರವಾಗಿ ಗೋಡೆಗೇ ಹೋಗ್ಬಹುದು ಅಂತಲೇನ್ಲಾ ಸಿದ್ದ?"

"ನೀನು ವಾಪಸ್ ಬಂದು ನೋಡೋಗಂಟ ಪ್ರಿಂಟೇ ಹಾಕ್ಸಕಿಲ್ಲ. ಹಾಕಿಸ್ಬೇಕು ಅಂದ್ರೆ ನೀನು ಬರ್ಬೇಕು. ಬಂದು, ಹಿಂದೆ ಯಾರ್ಯಾರು ಅವ್ರೆ ಅಂತ ಹೇಳ್ಬೇಕು."

ಅವ್ವ ಅವರನ್ನೇ ನೋಡಿದಳು. "ಹಂಗಾರೆ ನೀನೂ ಹಿಂದೆ ನಿಂತ್ಕೊ. ಅವತ್ತು ನನ್ ತಮ್ಮನ್ನ ಕಿತ್ತಾಕಿದೆಯಲ್ಲ, ಆ ಜಾಗದಾಗೆ ನೀನು ನಿಂತ್ಕೊ. ಆಗ ಕೂರ್ತೀನಿ" ಎಂದಳು.

ಗುರುಸಿದ್ದಣ್ಣ ತಮ್ಮ ಲೆನ್ಸಿನ ಮುಂದೆ ಯಾವತ್ತೂ ನಿಂತವರಲ್ಲ. ಆದರೂ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ನನ್ನ ಕೈಯನ್ನು ಲೆನ್ಸಿನ ಮೇಲಿಟ್ಟು, "ಎಡಗಣ್ಣಿನ ರೆಪ್ಪೆ ಕೂದಲು. ಬೇರೆ ಏನೂ ನೋಡ್ಬ್ಯಾಡ. ಹಿಂದಿನದು ಎಂಬತ್ತೈದು ನೋಡ್ಕತ್ತದೆ" ಎಂದು ಹೇಳಿ ಹೋಗಿ ನನ್ನ ಮಕ್ಕಳ ಪಕ್ಕ ನಿಂತರು. ಕೈಗಳನ್ನು ಎಲ್ಲಿ ಇಡಬೇಕೆಂದು ಅವರಿಗೆ ತಿಳಿಯಲಿಲ್ಲ. ಕೊನೆಗೆ ಹಿಂದಕ್ಕೆ ಕಟ್ಟಿಕೊಂಡರು. ಅವ್ವ ಬೆನ್ನು ನೆಟ್ಟಗೆ ಮಾಡಿ, ಗಲ್ಲ ಎತ್ತಿ, ಯಾರ ಜೊತೆಗೋ ಜಗಳಕ್ಕೆ ಕುಳಿತವಳ ಹಾಗೆ ಕುಳಿತಿದ್ದಳು. ರೆಪ್ಪೆಯ ಕೂದಲು ಒಂದೊಂದಾಗಿ ಕಾಣುವವರೆಗೆ ತಿರುಗಿಸಿದೆ. ಉಸಿರು ಹಿಡಿದು ಒತ್ತಿದೆ.

ಅವ್ವ ಆಸ್ಪತ್ರೆಯಿಂದ ವಾಪಸ್ಸು ಬಂದಳು. ಬಂದ ಮೇಲೆ ಗುರುಸಿದ್ದಣ್ಣ ಪ್ರಿಂಟು ಹಾಕಿಸಿ ತಂದು, ಮಾತಿನಂತೆ ಪರೀಕ್ಷೆ ಮಾಡಿದರು. ಅವ್ವ ದಿಂಬಿಗೆ ಒರಗಿಕೊಂಡೇ ನನ್ನ ಹೆಂಡತಿಯನ್ನು ತೋರಿಸಿದಳು, ಮಕ್ಕಳನ್ನು ತೋರಿಸಿದಳು. ಆಮೇಲೆ ಅಂಚಿನಲ್ಲಿ, ಹೊಂಗೆಯ ಬೆಳಕಿನ ಬೊಟ್ಟುಗಳ ನಡುವೆ ನಿಂತಿದ್ದ ಮೆತ್ತನೆಯ ಆಕಾರದ ಮೇಲೆ ಬೆರಳಿಟ್ಟಳು. ಮುಖ ಇಂಥದ್ದೇ ಎಂದು ಹೇಳುವ ಹಾಗಿರಲಿಲ್ಲ. "ಇವನು ಸಿದ್ದ. ಚೀಲ ಹೊತ್ತು ಹೊತ್ತು ಒಂದು ಹೆಗಲು ಇಳಿದೋಗದೆ. ಕಳ್ಳನಂಗೆ ಕೈ ಹಿಂದಕ್ಕೆ ಕಟ್ಕಂಡವ್ನೆ" ಎಂದಳು. ಗುರುಸಿದ್ದಣ್ಣ ನಕ್ಕರು. ಅವರು ನಮ್ಮ ಮನೆಗೆ ಬಂದದ್ದು ಅದೇ ಕೊನೆ.

ಮುಂದಿನದನ್ನು ಕಂಡಷ್ಟೇ ಹೇಳುತ್ತೇನೆ. ಅದಾಗಿ ಸ್ವಲ್ಪ ದಿನಕ್ಕೆ ಕನಕಪುರದ ಕಡೆ ಇನ್ನೊಂದು ಹಳ್ಳಿಗೆ ಹೋಗಿದ್ದೆವು. ಬೆಳಗಿನ ಹೊತ್ತು. ಒಬ್ಬ ಅಜ್ಜಿ ಕುರ್ಚಿಯಲ್ಲಿ, ಹಿಂದೆ ಜಗಲಿಯ ಮೇಲೆ ಅವಳ ಮನೆಮಂದಿ. ಗುರುಸಿದ್ದಣ್ಣ ಫೋಕಸ್ ಹಿಡಿದು, "ನಾನು ಹೇಳೋಗಂಟ ಯಾರೂ ಅಲ್ಲಾಡ್ಬ್ಯಾಡಿ" ಎಂದರು. ಆಮೇಲೆ ಕ್ಯಾಮೆರಾ ಕೆಳಗಿಳಿಸಿದರು. "ರುದ್ರ, ಒಸಿ ನೀರು" ಎಂದು ಪಕ್ಕದ ಒರಳುಕಲ್ಲಿನ ಮೇಲೆ ಕುಳಿತರು. ನಾನು ಬೈಕಿನ ಹತ್ತಿರ ಹೋಗಿ ಬಾಟಲಿ ತಂದೆ. ಅವರ ತಲೆ ಗೋಡೆಗೆ ಒರಗಿತ್ತು. ಕ್ಯಾಮೆರಾ ತೊಡೆಯ ಮೇಲಿತ್ತು. ಎಡಗೈ ಲೆನ್ಸನ್ನು ಹಿಡಿದೇ ಇತ್ತು. ಕರೆದೆ. ಮುಟ್ಟಿದೆ. ಆಮೇಲೆ ಜಗಲಿಯ ಕಡೆ ನೋಡಿದೆ. ಅಜ್ಜಿಯೂ ಅವಳ ಮನೆಯವರೂ ಹಾಗೆಯೇ ಕುಳಿತಿದ್ದರು. ಒಬ್ಬರೂ ಅಲ್ಲಾಡಿರಲಿಲ್ಲ. ಗುರುಸಿದ್ದಣ್ಣ ಇನ್ನೂ ಹೇಳಿರಲಿಲ್ಲವಲ್ಲ. ಏಳಿ ಎಂದು ನಾನೇ ಹೇಳಬೇಕಾಯಿತು.

ಊರಿಗೆ ಶ್ರದ್ಧಾಂಜಲಿಯ ಫ್ಲೆಕ್ಸ್ ಹಾಕಿಸಬೇಕು ಎಂದಾಗ ಆಧಾರ್ ಕಾರ್ಡಿನ ಫೋಟೋ ಬಿಟ್ಟು ಬೇರೆ ಸಿಗಲಿಲ್ಲ. ನಾಗರತ್ನಕ್ಕ ಅದನ್ನು ನೋಡಿ, "ಇದು ಅವರಲ್ಲ, ನನ್ ಮನೆ ಗೋಡೆಗೆ ಇದು ಬ್ಯಾಡ" ಎಂದರು. ಅವರಿಗೆ ಬೇಕಾಗಿದ್ದದ್ದು ಗುರುಸಿದ್ದಣ್ಣ ಹಿಂದೆ ನಿಂತಿದ್ದ ನಮ್ಮ ಅವ್ವನ ಫೋಟೋ. ಭಾವನನ್ನು ಅದರಿಂದ ಬಿಡಿಸಿ ದೊಡ್ಡದು ಮಾಡಿಸೋಣ ಎಂದು ನಾಗರತ್ನಕ್ಕನ ತಮ್ಮ ಫ್ಲೆಕ್ಸ್ ಅಂಗಡಿಗೆ ಹೋದ. ಅಂಗಡಿಯವನು ಕಂಪ್ಯೂಟರಿನಲ್ಲಿ ಬಹಳ ಪ್ರಯತ್ನ ಮಾಡಿದ. "ಎಲ್ಲಿಂದ ಶುರು, ಎಲ್ಲಿಗೆ ಮುಗೀತು ಅಂತಲೇ ಗೊತ್ತಾಯ್ತಿಲ್ಲ ಅಣ್ಣ. ಈ ಬೆಳಕೂ ಅವರೂ ಒಂದೇ ಆಗ್ಬುಟ್ಟವ್ರೆ" ಎಂದ. ನಾಗರತ್ನಕ್ಕ ಅದನ್ನು ಕೇಳಿ, "ಬುಡು, ಹಂಗೇ ಇರ್ಲಿ. ಪೂರ್ತಿ ಪಟನೇ ಕಟ್ಟು ಹಾಕ್ಸು" ಎಂದರು.

ತಿಥಿಯ ದಿನ ಅವರ ಮನೆಯ ಗೋಡೆಗೆ ಆ ಪಟ ಬಂತು. ನಡುವೆ ನಮ್ಮ ಅವ್ವ, ರೆಪ್ಪೆಯ ಕೂದಲು ಸಮೇತ. ಹಿಂದೆ ಅಂಚಿನಲ್ಲಿ ಗುರುಸಿದ್ದಣ್ಣ. ನೆಂಟರಲ್ಲಿ ಯಾರೋ ಸುಗಂಧರಾಜದ ಹಾರ ತಂದು ನಾಗರತ್ನಕ್ಕನ ಕೈಗೆ ಕೊಟ್ಟರು. ಅವರು ಸ್ಟೂಲು ಹತ್ತಿ ಹಾರ ಎತ್ತಿದರು, ಹಾಗೆಯೇ ನಿಂತುಬಿಟ್ಟರು. ಹಾರ ಹಾಕಿದರೆ ಅದು ಅವ್ವನ ಮುಖದ ಸುತ್ತ ಬೀಳುತ್ತಿತ್ತು. ಅವ್ವ ಕೆಳಗೆ ಚಾಪೆಯ ಮೇಲೆ ಕುಳಿತಿದ್ದಳು.

"ಲೇ ರುದ್ರ, ಆ ಹಾರ ಈಸ್ಕೊ" ಎಂದಳು ಅವ್ವ. "ನಾನಿನ್ನೂ ಇಲ್ಲೇ ಕುಂತಿವ್ನಿ. ನಾನು ಇರೋಗಂಟ ಅವನಿಗೂ ಹಾರ ಇಲ್ಲ."

ನಾಗರತ್ನಕ್ಕ ಹಾರವನ್ನು ನನ್ನ ಕೈಗೆ ಕೊಟ್ಟು ಸ್ಟೂಲಿನಿಂದ ಇಳಿದರು. ಅವ್ವನ ಪಕ್ಕ ಬಂದು ಕುಳಿತು, ಅವಳ ಕೈ ಹಿಡಿದುಕೊಂಡು, ಅವತ್ತು ಮೊದಲ ಸಲ ಅತ್ತರು.

ಆ ಪಟ ಈಗಲೂ ಹಾಗೆಯೇ ಇದೆ, ಹಾರವಿಲ್ಲದ ಬರಿಯ ಪಟ. ಅವ್ವ ದಿನವೂ ಬೆಳಿಗ್ಗೆ ಎದ್ದು ಹೊಂಗೆ ಮರದವರೆಗೆ ಹೋಗಿ ಬರುತ್ತಾಳೆ. ಮೊದಲು ಮಾತ್ರೆ ಕೊಟ್ಟರೆ ಸೆರಗಿನಲ್ಲಿ ಬಚ್ಚಿಡುತ್ತಿದ್ದವಳು ಈಗ ತಾನೇ ಕೇಳಿ ನುಂಗುತ್ತಾಳೆ. ಮೊನ್ನೆ ಮೋಡ ಕವಿದಿತ್ತು, ಇವತ್ತೊಂದು ದಿನ ನಡೆಯುವುದು ಬೇಡ ಎಂದೆ.

ಅವ್ವ ಆಗಲೇ ಚಪ್ಪಲಿ ಮೆಟ್ಟಿದ್ದಳು. "ಸುಮ್ಕಿರ್ಲಾ. ನಂಗೆ ಏನಾರ ಆದ್ರೆ ಅವನಿಗೆ ಹಾರ ಬೀಳ್ತದೆ" ಎಂದು ಹೇಳಿ, ಬಾಗಿಲು ಹಿಡಿದು ಮೆಟ್ಟಿಲು ಇಳಿದಳು.